ಕೇಳಿದ್ದು ಹುಡುಗನನ್ನ, ಉತ್ತರ ಅಮ್ಮನದು

ಸಾಲಿ ಶುರುವಾಗೋ ಹೊತ್ತಿಗೆ ನಮ್ಮ ಅಂಗಡಿಯಲ್ಲಿ ಕಾಲಿಡೋಕೆ ಜಾಗ ಇರೋದಿಲ್ಲ. ವಿಜಯಪುರದಲ್ಲಿ ನೋಟ್‌ಬುಕ್ಕು, ಪೆನ್ನು, ಗೈಡು ಮಾರುವ ಸಣ್ಣ ಅಂಗಡಿ ನಮ್ಮದು. ಸುತ್ತ ಒಂದೆರಡು ಶಾಲೆ, ಅದಕ್ಕಿಂತ ಜಾಸ್ತಿ ಕೋಚಿಂಗ್ ಕ್ಲಾಸು. ಮೇ ಕೊನೆಯಿಂದ ಜುಲೈವರೆಗೆ ಊಟಕ್ಕೂ ಪುರುಸೊತ್ತಿಲ್ಲ. ಆ ಗದ್ದಲದಲ್ಲೂ ನನಗೊಂದು ಅಭ್ಯಾಸ ಇದೆ. ಅಪ್ಪ, ಅಮ್ಮ, ಮಗು ಮೂವರೂ ಬಂದರೆ ನಾನು ಮಗುವನ್ನೇ ಕೇಳುತ್ತೇನೆ. "ಏನ್ ಬೇಕು ತಮ್ಮಾ?" ಹುಡುಗ ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಶುರು ಮಾಡಿರುತ್ತಾರೆ. "ಅವಂಗ ಸಿಂಗಲ್ ಲೈನಿಂದು ಆರು, ಚೌಕದ್ದು ಎರಡು ಕೊಡ್ರಿ ಅಕ್ಕಾರ." ಯಾವ ಕ್ಲಾಸು ಅಂತ ಹುಡುಗನ ಮುಖ ನೋಡಿಯೇ ಕೇಳಿದರೂ "ನಾವು ಈ ವರ್ಷ ಐದನೇತ್ತರಿ" ಅಂತ ಮತ್ತೆ ಅಮ್ಮನೇ. ಪೆನ್ನು ಕೈಗೆ ಕೊಟ್ಟರೆ ಅಪ್ಪ ಇಸಿದುಕೊಂಡು ಗೀಚಿ ನೋಡುತ್ತಾರೆ. ಬರೆಯೋನು ಪಕ್ಕದಲ್ಲಿ ನಿಂತು ನೀರಿನ ಬಾಟಲಿಗಳನ್ನ ಎಣಿಸ್ತಾ ಇರ್ತಾನೆ.

ಒಂದು ಸಲ ತಿಕೋಟಾ ಕಡೆಯಿಂದ ಒಬ್ಬರು ಮಗಳನ್ನ ಕರೆದುಕೊಂಡು ಬಂದಿದ್ದರು. ದ್ರಾಕ್ಷಿ ತೋಟದವರು. ಮಾತಾಡುವಾಗ ಚಾಟ್ನಿ (ಬಳ್ಳಿ ಕತ್ತರಿಸೋ) ಕೆಲಸ ಬಿಟ್ಟು ಬಂದೀನಿ, ಲಗೂನ ಹೋಗಬೇಕು ಅಂದರು. ನಾನು ಅವರನ್ನೇ ಕೇಳಿದೆ, ಅವಸರದಲ್ಲಿದ್ದಾರಲ್ಲ ಅಂತ. ಅವರು ಕೈ ಅಲ್ಲಾಡಿಸಿ "ನನಗೇನ್ ಕೇಳ್ತೀರಿ, ಓದಾಕಿ ಅಕಿ. ಅಕೀನ ಕೇಳ್ರಿ" ಅಂದರು. ಆ ಹುಡುಗಿ ಫ್ರಾಕಿನ ಜೇಬಿನಿಂದ ಮಡಚಿದ ಚೀಟಿ ತೆಗೆದಳು. ಅವಳದೇ ಅಕ್ಷರ. ವಿಷಯಕ್ಕೊಂದರಂತೆ ಬರೆದು, ಹೋದ ವರ್ಷದ ಪುಸ್ತಕದಲ್ಲಿ ಹಾಳೆ ಉಳಿದಿದ್ದಕ್ಕೆ ಸಮಾಜದ ನೋಟ್‌ಬುಕ್ಕಿಗೆ ಗೀಟು ಹಾಕಿದ್ದಳು. ಒಂದೊಂದೇ ಓದಿದಳು, ನಾನು ತೆಗೆದಿಟ್ಟೆ, ಎಣಿಸಿಕೊಂಡಳು. ಬಿಲ್ಲು ಕೂಡಿಸಿ ನೋಡಿದಳು ಕೂಡ. ಅಪ್ಪ ದುಡ್ಡು ಕೊಟ್ಟು ಚೀಲ ಎತ್ತಿಕೊಂಡರು, ಅಷ್ಟೇ ಅವರ ಕೆಲಸ. ಚಿಲ್ಲರೆ ಐದು ರೂಪಾಯಿ ಕಡಿಮೆ ಕೊಟ್ಟಿದ್ದೆ. ಹಿಡಿದಿದ್ದು ಅವಳೇ.

ಆ ಹುಡುಗಿ ಎಷ್ಟು ಮಾರ್ಕ್ಸ್ ತೆಗೆಯುತ್ತಾಳೋ ನನಗೆ ಗೊತ್ತಿಲ್ಲ. ಕೇಳಲೂ ಇಲ್ಲ. ಆದರೆ ಮಕ್ಕಳಿಗೆ ಓದಿನ ಅಭ್ಯಾಸ ಹೇಗೆ ಹಚ್ಚೋದು ಅಂತ ಯಾರಾದರೂ ಮಾತು ತೆಗೆದರೆ ನನಗೆ ಮೊದಲು ನೆನಪಾಗೋದು ಆ ಗೀಟು ಹಾಕಿದ ಚೀಟಿ. ಓದು ಯಾರದು ಅನ್ನೋದು ಆ ಮನೆಯಲ್ಲಿ ಇತ್ಯರ್ಥ ಆಗಿದೆ. ನಮ್ಮ ಬಹಳ ಮನೆಗಳಲ್ಲಿ ಆಗಿಲ್ಲ.

"ನಮಗ ನಾಳೆ ಗಣಿತ ಪೇಪರ್"

ಈ ಊರಲ್ಲಿ ನಾಲ್ಕನೇ ಕ್ಲಾಸಿಗೇ ಜ್ವರ ಶುರುವಾಗುತ್ತದೆ ಅನ್ನೋದು ನಿಮಗೆ ಗೊತ್ತಿರೋದೇ. 1963ರಿಂದ ಸೈನಿಕ ಶಾಲೆ ಇಲ್ಲೇ ಇದೆ. ಜಿಲ್ಲೆಯಲ್ಲಿ ನವೋದಯ ಇದೆ, ಮೊರಾರ್ಜಿ ಇದೆ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ ಇದೆ. ಎಲ್ಲಕ್ಕೂ ಆರನೇ ಕ್ಲಾಸಿಗೆ ಪ್ರವೇಶ ಪರೀಕ್ಷೆ. ನವೋದಯದ್ದಂತೂ ಒಂದೇ ಸಲದ ಆಟ. ಐದನೇ ಕ್ಲಾಸಲ್ಲಿರುವಾಗ ಬರೆಯಬೇಕು, ಎರಡನೇ ಸಲ ಬರೆಯೋ ಹಾಗಿಲ್ಲ. 80 ಪ್ರಶ್ನೆ, 100 ಅಂಕ, ಎರಡು ತಾಸು. ಒಂದು ನವೋದಯಕ್ಕೆ ತೆಗೆದುಕೊಳ್ಳೋದು ಹೆಚ್ಚೆಂದರೆ 80 ಮಕ್ಕಳನ್ನ. ಹಂಗಾಗಿ ಸುತ್ತಲ ತಾಲೂಕುಗಳಿಂದ ಮಕ್ಕಳನ್ನ ತಂದು ಇಲ್ಲಿ ರೂಮು ಮಾಡಿ, ಅಜ್ಜಿಯನ್ನ ಜೊತೆಗಿಟ್ಟು ಕೋಚಿಂಗಿಗೆ ಹಾಕುವವರಿದ್ದಾರೆ. ಅದನ್ನ ತಪ್ಪು ಅಂತ ಹೇಳೋಕೆ ನನಗೆ ಬಾಯಿ ಬರೋದಿಲ್ಲ. ಒಣಬೇಸಾಯದ ಊರಿನ ಹುಡುಗನಿಗೆ ಊಟ, ವಸತಿ, ಪುಸ್ತಕ ಎಲ್ಲಾ ಪುಕ್ಕಟೆ ಸಿಗುವ ಒಳ್ಳೆ ಶಾಲೆ ಅಂದರೆ ಸಣ್ಣ ಮಾತಲ್ಲ. ಅಪ್ಪ ಅಮ್ಮ ಆಸೆಪಡದೆ ಇರ್ತಾರಾ?

ಆದರೆ ಆ ಒಂದೂವರೆ ಎರಡು ವರ್ಷದಲ್ಲಿ ಹುಡುಗನ ಓದು ಪೂರ್ತಿ ಬೇರೆಯವರ ಕೈಗೆ ಹೋಗುತ್ತದೆ. ಎಬ್ಬಿಸೋರು ಒಬ್ಬರು, ಯಾವ ವಿಷಯ ಅಂತ ಹೇಳೋರು ಒಬ್ಬರು, ಚೀಲ ತುಂಬೋರು ಒಬ್ಬರು, ಎಷ್ಟು ಬಂತು ಅಂತ ಕೂಡಿಸೋರು ಇನ್ನೊಬ್ಬರು. ಅಮ್ಮಂದಿರು ಅಂಗಡಿಯಲ್ಲಿ "ನಮಗ ನಾಳೆ ಗಣಿತ ಪೇಪರ್ ಅದರಿ, ಭಾಳ ಟೆನ್ಶನ್" ಅಂತಾರೆ. ಟೆನ್ಶನ್ ಅವರಿಗೆ ಇರೋದು ನಿಜವೇ. ಹುಡುಗ ಆರಾಮಾಗಿ ಸ್ಟಿಕ್ಕರ್ ಆರಿಸ್ತಾ ಇರ್ತಾನೆ. ಅವನ ಪಾಲಿನ ಚಿಂತೆಯನ್ನೂ ಅಮ್ಮನೇ ಮಾಡಿದ ಮೇಲೆ ಅವನಿಗೆ ಮಾಡೋಕೆ ಏನು ಉಳೀತು?

ಇದರ ಪೆಟ್ಟು ಕಾಣೋದು ಆಮೇಲೆ. ಸೀಟು ಸಿಕ್ಕಿ ಹಾಸ್ಟೆಲಿಗೆ ಹೋದ ಹುಡುಗನಿಗೆ ಅಲ್ಲಿ "ಈಗ ಇದನ್ನ ಓದು" ಅನ್ನೋರಿಲ್ಲ. ಸಿಗದೇ ಊರಲ್ಲೇ ಉಳಿದವನು ಏಳನೇತ್ತ ಎಂಟನೇತ್ತಕ್ಕೆ ಬರುವ ಹೊತ್ತಿಗೆ ಪುಸ್ತಕ ಅಂದರೆ ಮುಖ ತಿರುಗಿಸ್ತಾನೆ. ಅವನ ಪ್ರಕಾರ ಓದೋದು ಅಂದರೆ ಬೇರೆಯವರು ಎದುರು ಕೂತಾಗ ಮಾಡುವ ಕೆಲಸ. ಎದುರಿಗೆ ಯಾರೂ ಇಲ್ಲ ಅಂದರೆ ಕೆಲಸವೂ ಇಲ್ಲ.

ಒಂದು ಮಾತು ಕೋಚಿಂಗ್ ಪರವಾಗಿಯೂ ಹೇಳಬೇಕು. ಅಲ್ಲಿ ವಾರ ವಾರ ಟೆಸ್ಟ್ ಇಡುತ್ತಾರಲ್ಲ, ಅದು ಒಳ್ಳೇದು. ಅಮೆರಿಕದಲ್ಲಿ ರೋಡಿಗರ್, ಕಾರ್ಪಿಕೆ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ಮಕ್ಕಳಿಗೆ ಒಂದು ಪಾಠ ಕೊಟ್ಟರು. ಕೆಲವರು ಅದನ್ನೇ ಮತ್ತೆ ಮತ್ತೆ ಓದಿದರು. ಉಳಿದವರು ಪಾಠ ಮುಚ್ಚಿಟ್ಟು ನೆನಪಿದ್ದಷ್ಟು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುವುಮುರುವು, ಮುಚ್ಚಿಟ್ಟು ನೆನೆಸಿಕೊಂಡವರಿಗೇ ಜಾಸ್ತಿ ಉಳಿದಿತ್ತು. ಈ ಐದು ನಿಮಿಷದ ಮೋಸವನ್ನ ನಾವು ಮನೆಯಲ್ಲಿ ದಿನಾ ನೋಡ್ತೀವಿ. ಈಗಷ್ಟೇ ಓದಿ ಬಂದ ಹುಡುಗ ಪಟಪಟ ಒಪ್ಪಿಸ್ತಾನೆ, ಬಂತು ಬಿಡು ಅಂತೀವಿ, ವಾರ ಬಿಟ್ಟರೆ ಏನೂ ಇಲ್ಲ. ಟೆಸ್ಟ್ ಆ ಮೋಸವನ್ನ ಬಯಲು ಮಾಡುತ್ತದೆ.

ಕೆಡೋದು ಟೆಸ್ಟ್ ಪೇಪರ್ ಮನೆಗೆ ಬಂದ ಮೇಲೆ. ಎಲ್ಲರ ಕಣ್ಣೂ ಮೇಲಿನ ಮೂಲೆಯ ಅಂಕಿಗೆ. 100ಕ್ಕೆ 61. "ಪಕ್ಕದ ಮನಿ ಹುಡುಗಂದೆಷ್ಟು?" ಪೇಪರ್ ಸೀದಾ ಫೈಲಿಗೆ ಅಥವಾ ರದ್ದಿಗೆ. ತಪ್ಪಾದ ಪ್ರಶ್ನೆಗಳನ್ನ ಯಾರೂ ತಿರುಗಿ ನೋಡೋದಿಲ್ಲ. ಆ ಪೇಪರಿನಲ್ಲಿ ಕೆಲಸಕ್ಕೆ ಬರೋದು ಅವೇ. ನಮ್ಮ ಅಂಗಡಿಗೆ ಬರುವ ಒಬ್ಬ ಗಣಿತದ ಮೇಷ್ಟ್ರು ಮಕ್ಕಳಿಗೆ ಒಂದು ತೆಳು ನೋಟ್‌ಬುಕ್ ಬೇರೆ ಇಡೋಕೆ ಹೇಳ್ತಾರೆ. ತಪ್ಪಾದ ಲೆಕ್ಕ ಮಾತ್ರ ಅದರಲ್ಲಿ. ಉತ್ತರ ಬರೆಯೋ ಹಾಗಿಲ್ಲ, ಪ್ರಶ್ನೆ ಅಷ್ಟೇ. ಮೂರ್ನಾಲ್ಕು ದಿನ ಬಿಟ್ಟು ಮತ್ತೆ ಮಾಡಬೇಕು, ಸರಿ ಬಂದರೆ ಒಂದು ಟಿಕ್ಕು. ಒಂದೆರಡು ವಾರ ಬಿಟ್ಟು ಮತ್ತೆ. ಮೂರು ಟಿಕ್ಕು ಬಿದ್ದ ಲೆಕ್ಕಕ್ಕೆ ಗೀಟು. ಟಿಕ್ಕು ಹಾಕೋದು, ಗೀಟು ಹೊಡೆಯೋದು ಎರಡೂ ಹುಡುಗನೇ. ಅಪ್ಪ ಅಮ್ಮನ ಕೆಲಸ ಇಷ್ಟೇ, ಆ ಪುಸ್ತಕ ತುಂಬಿದಷ್ಟೂ ಬೈಯದೆ ಇರೋದು. ಬೈದ ದಿನ ಪುಸ್ತಕ ಖಾಲಿ ಕಾಣೋಕೆ ಶುರುವಾಗುತ್ತದೆ, ತಪ್ಪು ಕಡಿಮೆಯಾಗಿದ್ದಕ್ಕಲ್ಲ, ತಪ್ಪು ಬರೆದಿಡೋದು ನಿಂತಿದ್ದಕ್ಕೆ.

ಇಳಕಲ್ಲಿನ ಕುಣಿ ಮಗ್ಗ

"ನಾವು ಕನ್ನಡ ಸಾಲಿಯವರು, ಅವು ಇಂಗ್ಲಿಷ್ ಮೀಡಿಯಂ. ನಾವೇನ್ ಹೇಳಿಕೊಡಾಕ ಆಕ್ಕೈತ್ರಿ?" ಈ ಮಾತು ನಾನು ದಿನಾ ಕೇಳ್ತೀನಿ. ಅವರ ಸಂಕಟ ಅರ್ಥವಾಗುತ್ತದೆ. ಆದರೆ ಆ ಮಾತು ಬಂದಾಗಲೆಲ್ಲ ನನಗೆ ನನ್ನ ಸೋದರತ್ತೆ ಕಣ್ಣಿಗೆ ಬರ್ತಾಳೆ.

ಅತ್ತೆ ಇಳಕಲ್ಲಿನಲ್ಲಿ ಸೀರೆ ನೇಯುತ್ತಿದ್ದಳು. ಸೂಟಿಗೆ ನಮ್ಮನ್ನ ಅಲ್ಲಿಗೆ ಕಳಿಸುತ್ತಿದ್ದರು. ಮನೆಯ ನಡುಕೋಣೆಯಲ್ಲೇ ಕುಣಿ ಮಗ್ಗ. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಮಧ್ಯಾಹ್ನದ ಊಟದವರೆಗೆ ಏಳುತ್ತಿರಲಿಲ್ಲ. ನಾವು ಮಕ್ಕಳು ಪಕ್ಕದಲ್ಲಿ ಕೂತು ಲಾಳಿಗೆ ನೂಲಿನ ಕಂಡಿಕೆ ಸುತ್ತಬೇಕು. ಅವಳಿಗೆ ಓದು ಬರೆಹ ಬರುತ್ತಿರಲಿಲ್ಲ. ಸಹಿ ಕೂಡ ಹೆಬ್ಬೆಟ್ಟು. ಸಾಲಿ ಇದ್ದ ದಿನಗಳಲ್ಲಿ ಅವಳ ಮಗ ಸಂಜೆ ಬಂದು ಚುರುಮುರಿ ತಿಂದು ಮುಗಿಸುವಷ್ಟರಲ್ಲಿ ಮಗ್ಗದಿಂದಲೇ ಕೂಗುವಳು, "ಇವತ್ತ ಏನ್ ಹೇಳಿಕೊಟ್ಟ್ರು, ಬಂದು ಹೇಳು." ಒಂದು ಸಲ ಸೂಟಿಗೆ ಮುಂಚೆಯೇ ಹೋಗಿದ್ದರಿಂದ ನಾನೂ ಅದನ್ನ ನೋಡಿದೆ. ಲಾಳಿಯ ಸದ್ದು ಜೋರು. ಅದಕ್ಕಿಂತ ಜೋರಾಗಿ ಹೇಳಬೇಕು. ಅವನು ಮಳೆ ಹೇಗೆ ಬರುತ್ತದೆ ಅಂತ ಹೇಳ್ತಿದ್ದ. ಬಿಸಿಲಿಗೆ ನೀರು ಆವಿಯಾಗಿ ಮೇಲೆ ಹೋಗುತ್ತದೆ, ಮೇಲೆ ತಂಪಿಗೆ ಮೋಡ ಆಗುತ್ತದೆ, ಮೋಡ ಅಂದರೆ ಸಣ್ಣ ಸಣ್ಣ ನೀರಿನ ಹನಿ. ಪುಸ್ತಕದಲ್ಲಿದ್ದ ಹಾಗೇ ಗಡಗಡ ಒಪ್ಪಿಸಿದ.

ಲಾಳಿ ನಿಂತಿತು. ಅತ್ತೆ ಅವನ ಕಡೆ ತಿರುಗಿದಳು. "ಮ್ವಾಡ ಅಂದ್ರ ನೀರಂತಿ. ನೀರು ಮ್ಯಾಲ ಹೆಂಗ ನಿಂತೈತಿ? ಕೆಳಗ ಯಾಕ ಬೀಳವಲ್ದು?" ಅವನು ಇನ್ನೊಂದು ಸಲ ಅದನ್ನೇ ಒಪ್ಪಿಸಿದ. "ಅದು ಆತು. ಯಾಕ ಬೀಳವಲ್ದು, ಅದನ್ನ ಹೇಳು." ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದ. ನಮ್ಮ ಮನೆಯಲ್ಲಾಗಿದ್ದರೆ ತಲೆಗೊಂದು ಬೀಳುತ್ತಿತ್ತು. ಅತ್ತೆ "ನಂಗೂ ಗೊತ್ತಿಲ್ಲ. ನಾಳೆ ಗುರುಗಳ್ನ ಕೇಳ್ಕೊಂಡ ಬಾ" ಅಂದು ಮತ್ತೆ ಲಾಳಿ ಹೊಡೆದಳು. ಮರುದಿನ ಸಂಜೆ ಅವನು ಚೀಲ ಇಳಿಸೋಕೂ ಮುಂಚೆ ಮಗ್ಗದ ಹತ್ತಿರ ಓಡಿದ. ಆ ಹನಿಗಳು ಭಾಳ ಸಣ್ಣವು ಅಂತ, ಮೇಲಕ್ಕೆ ಏಳೋ ಗಾಳಿಯೇ ಅವನ್ನ ಹಿಡಿದಿಟ್ಟಿರ್ತದಂತ, ಹನಿಗೆ ಹನಿ ಕೂಡಿ ದಪ್ಪ ಆಗಿ ಗಾಳಿಗೆ ತಡೆಯೋಕಾಗದಿದ್ದಾಗ ಮಳೆಯಂತ. ಅತ್ತೆ ಕೇಳಿಸಿಕೊಂಡು "ಹಂಗಾರ ಸರಿ" ಅಂದಳು. ಹೊಗಳಿಕೆ ಅಂದರೆ ಅಷ್ಟೇ.

ಅವನು ಐಎಎಸ್ ಆದ ಅಂತ ಈಗ ನಾನು ಬರೆದರೆ ಕತೆಗೆ ಚೆಂದ. ಆಗಲಿಲ್ಲ. ಐಟಿಐ ಮಾಡಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಆದರೆ ಮೋಟಾರ್ ಯಾಕೆ ಸುಟ್ಟಿತು ಅಂತ ರೈತನಿಗೆ ತಿಳಿಯೋ ಹಾಗೆ ಬಿಡಿಸಿ ಹೇಳ್ತಾನೆ. ತಿಳಿಯದಿದ್ದರೆ ತಿಳಿದಿಲ್ಲ ಅಂತಾನೆ, ಯಾರಿಗಾದರೂ ಫೋನ್ ಹಚ್ಚಿ ಕೇಳ್ತಾನೆ.

ಅತ್ತೆ ಮಾಡಿದ್ದರಲ್ಲಿ ಏನೇನಿತ್ತು ನೋಡಿ. ಪುಸ್ತಕ ಮುಚ್ಚಿಟ್ಟು ಹೇಳಿಸಿದಳು. ಸ್ವಂತ ಮಾತಲ್ಲಿ ಹೇಳಿಸಿದಳು. ಎಲ್ಲಿ ಗೊತ್ತಿಲ್ಲವೋ ಅಲ್ಲಿ ನಿಲ್ಲಿಸಿದಳು. ಗೊತ್ತಿಲ್ಲ ಅಂದಿದ್ದಕ್ಕೆ ಶಿಕ್ಷೆ ಕೊಡಲಿಲ್ಲ, ಆದರೆ ಸುಮ್ನೆ ಬಿಡಲೂ ಇಲ್ಲ. ಕೇಳಿಕೊಂಡು ಬರೋ ಕೆಲಸ ಅವನ ತಲೆಗೇ ಕಟ್ಟಿದಳು. ಇದಕ್ಕೆ ಇಂಗ್ಲಿಷ್ ಯಾಕೆ ಬೇಕು? ಮಗಳು ಇಂಗ್ಲಿಷಲ್ಲಿ ಓದಿದ್ದನ್ನ ಮನೆ ಮಾತಲ್ಲಿ ಹೇಳಲಿ. ಈ ಊರಲ್ಲಿ ಕನ್ನಡದ ಮನೆಗಳಿವೆ, ಉರ್ದು ಮನೆಗಳಿವೆ, ಮರಾಠಿ, ಲಂಬಾಣಿ ಮನೆಗಳಿವೆ. ಫೋಟೊಸಿಂಥೆಸಿಸ್ ಅನ್ನೋದನ್ನ ಅಜ್ಜಿಗೆ ತಿಳಿಯೋ ಮಾತಲ್ಲಿ ಹೇಳೋಕೆ ಬಂತು ಅಂದರೆ ಅದು ಅವಳಿಗೆ ಬಂದ ಹಾಗೇ. ಬರಲಿಲ್ಲ ಅಂದರೆ ಇಂಗ್ಲಿಷಲ್ಲಿ ಎಷ್ಟು ಸಲ ಒಪ್ಪಿಸಿದರೂ ಅದು ಬರೀ ಬಾಯಿಪಾಠ. ನಿಜ ಹೇಳಬೇಕೆಂದರೆ ಓದಿದ ಅಪ್ಪ ಅಮ್ಮನಿಗೇ ಈ ಕೆಲಸ ಕಷ್ಟ. ಮಗು ತಡವರಿಸಿದ ತಕ್ಷಣ ನಾವೇ ಉತ್ತರ ಹೇಳಿಬಿಡ್ತೀವಿ. ಅತ್ತೆಗೆ ಆ ಅವಕಾಶವೇ ಇರಲಿಲ್ಲ.

ಕೆಂಪು ಪೆನ್ನು

ಒಬ್ಬ ಹುಡುಗ ಒಂದು ದಿನ ಸಾಲಿ ಬಿಟ್ಟ ಮೇಲೆ ಒಬ್ಬನೇ ಬಂದ. ಕೆಂಪು ಪೆನ್ನು ಬೇಕು ಅಂದ. ಒಂದು ಕೊಟ್ಟೆ. ರದ್ದಿ ಹಾಳೆಯ ಮೇಲೆ ಗೀಚಿ, ಚೀಲದಿಂದ ಏನನ್ನೋ ಅರ್ಧ ಹೊರಗೆಳೆದು ಪಕ್ಕಕ್ಕಿಟ್ಟು ನೋಡಿದ. ಬೇರೆ ಕಂಪನಿದು ಇದೆಯಾ ಅಂದ. ಇನ್ನೊಂದು ಕೊಟ್ಟೆ. ಮತ್ತೆ ಗೀಚಿದ, ಮತ್ತೆ ನೋಡಿದ. ಮೂರನೇದಕ್ಕೆ ನನಗೆ ಗೊತ್ತಾಯಿತು. ಚೀಲದಲ್ಲಿದ್ದದ್ದು ಉತ್ತರ ಪತ್ರಿಕೆ. 13 ಅಂತ ಇತ್ತು. 3 ಅನ್ನೋದನ್ನ 8 ಮಾಡೋಕೆ ಎಷ್ಟು ಹೊತ್ತು? ಬಣ್ಣ ಕೂಡಬೇಕಷ್ಟೇ. ಹುಡುಗ ಬುದ್ಧಿವಂತ, ಅದರಲ್ಲಿ ಅನುಮಾನವಿಲ್ಲ. ಬಣ್ಣ ಹೊಂದಿಸೋ ತಾಳ್ಮೆಯೂ ಇದೆ. "ಈ ಕೆಂಪು ಎಲ್ಲೂ ಸಿಗೂದಿಲ್ಲ ತಮ್ಮಾ" ಅಂದೆ. ಅವನಿಗೂ ಗೊತ್ತಾಯಿತು ನನಗೆ ಗೊತ್ತಾಗಿದೆ ಅಂತ. ಕಿವಿ ಕೆಂಪಾಯಿತು. ಸ್ವಲ್ಪ ಹೊತ್ತು ನಿಂತು "ನಮ್ಮ ಪಪ್ಪಾ ಎಲ್ಲಾರ ಮುಂದ ನಾ ಭಾಳ ಶಾಣ್ಯಾ ಅಂತ ಹೇಳ್ಯಾರ್ರಿ" ಅಂದ.

ಹೊಡೆತದ ಹೆದರಿಕೆ ಅಂದುಕೊಂಡಿದ್ದೆ. ಅಲ್ಲ, ಹೊಗಳಿಕೆಯ ಹೆದರಿಕೆ. ಮುಲರ್, ಡ್ವೆಕ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು 1998ರಲ್ಲಿ ಇದನ್ನೇ ಐದನೇ ಕ್ಲಾಸಿನ ಮಕ್ಕಳ ಮೇಲೆ ಮಾಡಿ ನೋಡಿದ್ದರು. ಒಂದಿಷ್ಟು ಒಗಟಿನಂಥ ಸಮಸ್ಯೆ ಕೊಟ್ಟು, ಕೆಲವರಿಗೆ "ನೀನು ಜಾಣ" ಅಂದರು, ಕೆಲವರಿಗೆ "ಚೆನ್ನಾಗಿ ಕಷ್ಟಪಟ್ಟೆ" ಅಂದರು. ಆಮೇಲೆ ಕಷ್ಟದ್ದು ಕೊಟ್ಟಾಗ ಜಾಣ ಅನ್ನಿಸಿಕೊಂಡವರಿಗೆ ಮುಂದುವರಿಸೋ ಆಸೆ ಕಡಿಮೆಯಾಯಿತು. ಬೇರೆ ಮಕ್ಕಳಿಗೆ ತಮ್ಮ ಅಂಕ ಎಷ್ಟು ಅಂತ ಬರೆದು ತಿಳಿಸೋಕೆ ಹೇಳಿದಾಗ, ಇದ್ದದ್ದಕ್ಕಿಂತ ಜಾಸ್ತಿ ಬರೆದವರೂ ಅವರಲ್ಲೇ ಹೆಚ್ಚು. ಆ ದಾರಿಯಲ್ಲೇ ಮುಂದೆ ನಡೆದ ದೊಡ್ಡ ಅಧ್ಯಯನಗಳಲ್ಲಿ ಪರಿಣಾಮ ಸಣ್ಣದಾಗಿಯೇ ಕಂಡಿದೆ. ಹಾಗಾಗಿ ಹೊಗಳೋ ಮಾತು ಬದಲಿಸಿದರೆ ಪವಾಡ ಆಗುತ್ತದೆ ಅಂತೇನೂ ನಾನು ಹೇಳೋದಿಲ್ಲ. ಆದರೆ ಸಂಬಂಧಿಕರ ಮುಂದೆ ಮಗುವಿನ ಜಾಣತನ ಸಾರುವಾಗ ಆ ಕೆಂಪು ಪೆನ್ನನ್ನ ಒಂದು ಸಲ ನೆನೆಸಿಕೊಳ್ಳಿ. ಆ ಹೆಸರು ಉಳಿಸಿಕೊಳ್ಳೋ ಭಾರ ಮಗುವಿನ ಮೇಲೆ ಬೀಳುತ್ತದೆ. ಅದರ ಬದಲು ಮಾಡಿದ ಕೆಲಸದ ಬಗ್ಗೆ ಹೇಳಬಹುದಲ್ವಾ? "ಮೊನ್ನೆ ಭಾಗಾಕಾರ ಬರ್ತಿರಲಿಲ್ಲ, ಇವತ್ತು ನೀನೇ ತಪ್ಪು ಹುಡುಕಿ ತಿದ್ದಿದಿ" ಅಂದರೆ ಮಗುವಿಗೆ ಮತ್ತೆ ಮಾಡೋಕೆ ಏನೋ ಒಂದು ಕೈಗೆ ಸಿಗುತ್ತದೆ.

ಆಸೆ ಹಚ್ಚೋದೂ ಹಾಗೇ. "ತೊಂಬತ್ತು ತಗೊಂಡ್ರ ಸೈಕಲ್" ಅನ್ನೋದು ಪ್ರತಿ ಮನೆಯಲ್ಲೂ ಇದೆ. 1973ರ ಒಂದು ಹಳೇ ಪ್ರಯೋಗದಲ್ಲಿ ಚಿತ್ರ ಬರೆಯೋದು ಇಷ್ಟ ಇದ್ದ ಪುಟ್ಟ ಮಕ್ಕಳಿಗೆ, ಬರೆದರೆ ಬಹುಮಾನ ಅಂತ ಮೊದಲೇ ಹೇಳಿದರು. ಬಹುಮಾನ ಕೊಟ್ಟೂ ಆಯಿತು. ಕೆಲವು ದಿನ ಬಿಟ್ಟು ನೋಡಿದರೆ ಆ ಮಕ್ಕಳು ತಾವಾಗಿ ಬಣ್ಣದ ಪೆನ್ನು ಮುಟ್ಟೋದು ಕಡಿಮೆಯಾಗಿತ್ತು. ಮೊದಲೇ ಹೇಳದೆ ಕೊಟ್ಟವರಲ್ಲಿ ಹಾಗಾಗಲಿಲ್ಲ. ಸೈಕಲ್ ಬೇಕಾದರೆ ಕೊಡಿಸಿ, ಸೈಕಲ್ ಹೊಡೆಯಲಿ ಅಂತ. ಅದನ್ನ ಗಣಿತಕ್ಕೆ ಕಟ್ಟಬೇಡಿ.

ಹೊಡೆತದ ಬಗ್ಗೆ ಜಾಸ್ತಿ ಬರೆಯೋದಿಲ್ಲ. "ತೊಗಲು ನಿಮ್ದು, ಎಲುಬು ನಮ್ದು" ಅಂತ ಮೇಷ್ಟ್ರಿಗೆ ಮಗನನ್ನ ಒಪ್ಪಿಸೋ ಕಾಲ ಹೋಗಿದೆ ಅಂದುಕೊಂಡರೆ ಈಗಲೂ ಅಂಗಡಿಯಲ್ಲಿ ಆ ಮಾತು ಕೇಳಿಸುತ್ತದೆ. ಶಿಕ್ಷಣ ಹಕ್ಕು ಕಾಯ್ದೆ, 2009ರದ್ದು, ಅದರ 17ನೇ ಕಲಮು ಶಾಲೆಯಲ್ಲಿ ಮಗುವಿಗೆ ಹೊಡೆಯೋದನ್ನ, ಮನಸ್ಸಿಗೆ ಹಿಂಸೆ ಕೊಡೋದನ್ನ ನಿಷೇಧಿಸಿದೆ. ಶಾಲೆಯಲ್ಲಿ ಮಾಡಬಾರದು ಅಂದಿದ್ದನ್ನ ಮನೆಯಲ್ಲಿ ಮಾಡಿಸಿಕೊಳ್ಳುವ ಮಗು ಪೇಪರ್ ಮುಚ್ಚಿಡೋದನ್ನ ಚೆನ್ನಾಗಿ ಕಲಿಯುತ್ತದೆ. ಅಷ್ಟೇ ಅದರ ಲಾಭ.

ನಸುಕಿನ ಓದು

ನಸುಕಿನಲ್ಲಿ ಎದ್ದು ಓದಿದರೆ ತಲೆಗೆ ಹತ್ತುತ್ತದೆ ಅನ್ನೋದು ನಮ್ಮ ಕಡೆ ದೊಡ್ಡ ನಂಬಿಕೆ. ಇರಲಿ. ಆದರೆ ನಾಲ್ಕೂವರೆಗೆ ಎಬ್ಬಿಸೋರು ರಾತ್ರಿ ಎಷ್ಟಕ್ಕೆ ಮಲಗಿಸಿದ್ದರು? ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ತಾಸು ನಿದ್ದೆ ಬೇಕು, ದೊಡ್ಡ ಹುಡುಗರಿಗೆ 8ರಿಂದ 10 ಅಂತ ನಿದ್ದೆಯ ಡಾಕ್ಟರುಗಳ ಲೆಕ್ಕ. ಐದಕ್ಕೆ ಏಳಬೇಕೆಂದರೆ ಎಂಟಕ್ಕೆ ಮಲಗಬೇಕು. ಎಂಟಕ್ಕೆ ನಮ್ಮ ಮನೆಗಳಲ್ಲಿ ಟಿವಿ ಜೋರಾಗಿ ಶುರುವಾಗಿರುತ್ತದೆ, ಹತ್ತಕ್ಕೆ ರೊಟ್ಟಿ, ಹನ್ನೊಂದಕ್ಕೆ ಹಾಸಿಗೆ. ಅದೇ ಹುಡುಗ ಮಧ್ಯಾಹ್ನ ಕ್ಲಾಸಲ್ಲಿ ತೂಕಡಿಸಿದರೆ "ಗಮನ ಇಲ್ಲ" ಅಂತ ದೂರು. ಓದು ಮಗುವಿನ ಕೆಲಸ, ಬಿಟ್ಟುಕೊಡಿ ಅಂತ ಮೇಲೆ ಬರೆದೆನಲ್ಲ, ನಿದ್ದೆ ಮಾತ್ರ ದೊಡ್ಡವರ ಕೆಲಸವೇ. ಟಿವಿ ಆರಿಸೋದು, ಊಟ ಬೇಗ ಹಾಕೋದು, ಇವನ್ನ ಹತ್ತು ವರ್ಷದ ಮಗು ಮಾಡೋಕಾಗಲ್ಲ.

ಮೊಬೈಲ್ ವಿಷಯ ಅಷ್ಟು ಸಲೀಸಲ್ಲ. ಹೋಮ್‌ವರ್ಕ್ ವಾಟ್ಸಾಪಿಗೆ ಬರುವ ಕಾಲ. ಹೋಮ್‌ವರ್ಕಿಗೆ ಅಂತ ತೆಗೆದುಕೊಂಡ ಮೊಬೈಲು ರೀಲ್ಸಿಗೆ ಹೋಗೋಕೆ ಎರಡು ನಿಮಿಷ ಸಾಕು. ಹೋಮ್‌ವರ್ಕನ್ನ ಮಗು ಕೈಯಾರೆ ಡೈರಿಗೆ ಬರೆದುಕೊಂಡು ಮೊಬೈಲ್ ವಾಪಸ್ ಕೊಡಲಿ ಅಂತ ಮಾಡಿದವರನ್ನ ನೋಡಿದ್ದೇನೆ, ಅದು ನಡೆಯುತ್ತದೆ. ಅಮ್ಮನೇ ಗ್ರೂಪ್ ನೋಡಿ, ಅಮ್ಮನೇ ಬರೆದಿಟ್ಟು, ಅಮ್ಮನೇ ನೆನಪಿಸೋದು ಮಾತ್ರ ಬೇಡ.

ಥರ್ಮಾಕೋಲ್ ಗೋಳಗುಮ್ಮಟ

ಈಗ ನನ್ನ ಹೊಟ್ಟೆಪಾಡಿನ ಮೇಲೇ ಕಲ್ಲು ಹಾಕಿಕೊಳ್ಳೋ ಮಾತು. ಬೆಳಗ್ಗೆ ಎಂಟೂವರೆಗೆ ಅಂಗಡಿಗೆ ಓಡಿ ಬರುವ ಅಪ್ಪಂದಿರು ಮೂರು ವಸ್ತು ಕೇಳ್ತಾರೆ. ಮರೆತು ಹೋದ ಕಂಪಾಸ್ ಬಾಕ್ಸು, ಡ್ರಾಯಿಂಗ್ ಶೀಟು, ಮತ್ತೆ ರೆಡಿ ಪ್ರಾಜೆಕ್ಟು. ಗೋಳಗುಮ್ಮಟದ ಥರ್ಮಾಕೋಲ್ ಮಾದರಿ ಚೆನ್ನಾಗಿ ಮಾರಾಟ ಆಗುತ್ತದೆ. ನಾನೂ ಮಾರುತ್ತೇನೆ. ನಿಜವಾದ ಗೋಳಗುಮ್ಮಟ ನಮ್ಮ ಅಂಗಡಿಯಿಂದ ಆಟೋದಲ್ಲಿ ಹೋಗುವಷ್ಟು ದೂರ. ಮಗು ಅಲ್ಲಿಗೆ ಹೋಗದೆ, ಕತ್ತರಿ ಹಿಡಿಯದೆ, ಗೋಂದು ಮುಟ್ಟದೆ ಹತ್ತಕ್ಕೆ ಹತ್ತು ತೆಗೆದುಕೊಳ್ಳುತ್ತದೆ. ಒಮ್ಮೆ ಒಂದು ಮಗುವನ್ನ ಸುಮ್ನೆ ಕೇಳಿದೆ, ಮೂಲೆಯ ಗೋಪುರಕ್ಕೆ ಎಷ್ಟು ಅಂತಸ್ತು ಅಂತ. ಕೈಯಲ್ಲಿ ಮಾದರಿ ಹಿಡಿದೇ ಗೊತ್ತಿಲ್ಲ ಅಂದಿತು. ಮಾದರಿ ಮಾಡಿದವನೂ ಐದೇ ಕೊರೆದಿದ್ದ. ಇರೋದು ಏಳು.

ಭಾನುವಾರ ಬೆಳಗ್ಗೆ ಮಗುವನ್ನ ಅಲ್ಲಿಗೆ ಕರೆದುಕೊಂಡು ಹೋಗಿ ಬಿಡಿ. ಜನ ಸೇರೋಕೂ ಮುಂಚೆ. ಅಂತಸ್ತು ಎಣಿಸಲಿ. ಮೇಲೆ ಹತ್ತಿ ಪಿಸುಮಾತಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಮಾತಾಡಲಿ, ನೀವು ಆ ಕಡೆ ಕಿವಿ ಇಟ್ಟು ಕೇಳಿ. ಸುಮಾರು 44 ಮೀಟರ್ ಅಗಲದ ಗುಮ್ಮಟದ ಆ ತುದಿಯಲ್ಲಿ ಆಡಿದ ಮಾತು ಈ ತುದಿಗೆ ಯಾಕೆ ಕೇಳುತ್ತದೆ? ಉತ್ತರ ಹೇಳಬೇಡಿ. ಗೋಡೆಯಿಂದ ದೂರ ನಿಂತು ಆಡಿ ನೋಡು, ಗೋಡೆಗೆ ಮುಖ ಮಾಡಿ ಆಡಿ ನೋಡು ಅನ್ನಿ. ಸದ್ದು ದುಂಡನೆಯ ಗೋಡೆಯನ್ನ ಹಿಡಿದುಕೊಂಡೇ ಸುತ್ತಿ ಬರುತ್ತದೆ ಅನ್ನೋ ಹತ್ತಿರಕ್ಕೆ ಮಗು ತಾನೇ ಬಂದರೂ ಬರಬಹುದು. ಬರದಿದ್ದರೆ ಸೋಮವಾರ ವಿಜ್ಞಾನದ ಅಕ್ಕೋರನ್ನ ಕೇಳೋಕೆ ಒಂದು ಪ್ರಶ್ನೆ ಸಿಕ್ಕಿತು. ಆಮೇಲೆ ಮನೆಗೆ ಬಂದು ರಟ್ಟಿನಲ್ಲಿ ಸೊಟ್ಟ ಗುಮ್ಮಟ ಮಾಡಲಿ. ಆ ಸೊಟ್ಟ ಗುಮ್ಮಟಕ್ಕೆ ಆರೇ ಅಂಕ ಬಂದರೆ ಬರಲಿ. ಇಲ್ಲಿ ಶಾಲೆಗಳೂ ಸ್ವಲ್ಪ ಯೋಚಿಸಬೇಕು. ಅಂಗಡಿಯ ಮಾದರಿಗೆ ಹತ್ತು ಕೊಟ್ಟು, ಮಗು ಮಾಡಿದ್ದಕ್ಕೆ ಆರು ಕೊಟ್ಟರೆ ಅಪ್ಪ ಅಮ್ಮ ಅಂಗಡಿಗೇ ಬರ್ತಾರೆ.

ಕಂಪಾಸ್ ಬಾಕ್ಸ್ ಮರೆತ ಮಗುವಿಗೆ ಬೈಕಿನಲ್ಲಿ ತಲುಪಿಸೋದನ್ನೂ ನಿಲ್ಲಿಸಬಹುದು. ಪರೀಕ್ಷೆಯ ದಿನ ಬೇರೆ ಮಾತು. ಉಳಿದ ದಿನ ಗೆಳೆಯನ ಹತ್ತಿರ ಕೈವಾರ ಕೇಳಿ ಇಸಿದುಕೊಳ್ಳಲಿ, ಮೇಷ್ಟ್ರ ಹತ್ತಿರ ಬೈಸಿಕೊಳ್ಳಲಿ. ಪಾಟಿಚೀಲ ತುಂಬೋದು ಎರಡನೇ ಮೂರನೇ ಕ್ಲಾಸಿಗೇ ಮಗುವಿನ ಕೆಲಸ ಆಗಬಹುದು. ಇವತ್ತು ಮೊದಲು ಕನ್ನಡವೋ ಗಣಿತವೋ ಅಂತ ಆರಿಸೋದು ನಾಲ್ಕನೇ ಐದನೇ ಕ್ಲಾಸಿಗೆ. ಒಮ್ಮೆಗೇ ಎಲ್ಲಾ ಬಿಟ್ಟುಕೊಟ್ಟರೆ ಎಡವಟ್ಟೇ ಆಗೋದು. ಎಂಟನೇ ಕ್ಲಾಸಿನವರೆಗೆ ಎಲ್ಲಾ ನಾವೇ ಮಾಡಿ, ಹತ್ತನೇತ್ತಕ್ಕೆ ಬಂದಾಗ "ಇಷ್ಟ್ ದೊಡ್ಡಾಂವ ಆಗೀದಿ, ಜವಾಬ್ದಾರಿ ಇಲ್ಲೇನು" ಅಂತ ಬೈಯೋರೇ ನಮ್ಮಲ್ಲಿ ಜಾಸ್ತಿ.

ಗೋವಾದಿಂದ ಫೋನು

ಇಷ್ಟೆಲ್ಲ ಕೇಳಿ "ಟೈಮ್ ಎಲ್ಲಿ ಅದರಿ ಅಕ್ಕಾರ" ಅನ್ನೋರಿದ್ದಾರೆ. ಅವರ ಮಾತು ಸುಳ್ಳಲ್ಲ. ಈ ಜಿಲ್ಲೆಯಿಂದ ಎಷ್ಟು ಜನ ಗೋವಾಕ್ಕೆ, ಮಹಾರಾಷ್ಟ್ರಕ್ಕೆ ದುಡಿಯೋಕೆ ಹೋಗ್ತಾರೆ ಅನ್ನೋದು ಬಸ್ ಸ್ಟ್ಯಾಂಡಿನಲ್ಲಿ ರಾತ್ರಿ ನಿಂತರೆ ಗೊತ್ತಾಗುತ್ತದೆ. ಮಕ್ಕಳು ಅಜ್ಜ ಅಜ್ಜಿಯ ಹತ್ತಿರ. ಅಂಥ ಒಬ್ಬರು, ಗೋವಾದಲ್ಲಿ ಗೌಂಡಿ ಕೆಲಸದವರು, ಜಾತ್ರೆಗೆ ಬಂದವರು ವಾಪಸ್ ಹೋಗುವ ಮುಂಚೆ ಮಗಳಿಗೆ ನೋಟ್‌ಬುಕ್ ಕೊಳ್ಳೋಕೆ ಬಂದಿದ್ದರು. ಮೊದಲೆಲ್ಲ ರಾತ್ರಿ ಫೋನ್ ಮಾಡಿ "ಉಂಡ್ಯಾ? ಓದಿದ್ಯಾ?" ಅಂತ ಕೇಳ್ತಿದ್ದರಂತೆ. ಹೂಂ, ಹೂಂ ಅಂತ ಎರಡು ಉತ್ತರ ಬರ್ತಿದ್ದವು, ಫೋನ್ ಮುಗೀತಿತ್ತು. ಈಗ "ಇವತ್ತಿಂದು ಒಂದು ಪಾಠ ಹೇಳವಾ" ಅಂತಾರಂತೆ. ಕೆಲವು ದಿನ ಪಾಠ, ಕೆಲವು ದಿನ ಮಗ್ಗಿ. ರೀಚಾರ್ಜ್ ಹೆಂಗಿದ್ದರೂ ಇರ್ತದ, ಮಾತಾಡಿದಷ್ಟೂ ಅದೇ ರೊಕ್ಕ ಅಂತ ನಕ್ಕರು. ಸೈಟಿನ ಶೆಡ್ಡಿನಲ್ಲಿ ಜೊತೆಗಿದ್ದವರಿಗೂ ಕೇಳಿಸಲಿ ಅಂತ ಸ್ಪೀಕರ್ ಹಾಕ್ತಾರಂತೆ. ಒಬ್ಬ ಹುಡುಗ ಹನ್ನೆರಡನೇತ್ತ ಫೇಲ್ ಆಗಿ ಅಲ್ಲಿಗೆ ಬಂದವನು, ಮಗಳು ತಪ್ಪು ಹೇಳಿದರೆ ಅವನು ಹಿಂದಿನಿಂದ ತಿದ್ದುತ್ತಾನಂತೆ. ಅವಳು ಬಿಡೋದಿಲ್ಲ, "ನಮ್ಮ ಪುಸ್ತಕದಾಗ ಹಿಂಗ ಅದ" ಅಂತ ಫೋನಿನಲ್ಲೇ ಜಗಳ.

"ಹದಿನೇಳರ ಮಗ್ಗಿ ನಂಗ ಎಂದೂ ಬರ್ತಿರಲಿಲ್ರಿ" ಅಂದರು ದುಡ್ಡು ಎಣಿಸುತ್ತಾ. "ಅಕಿ ಹೇಳೂದು ಕೇಳಿ ಕೇಳಿ ಈಗ ಹದಿನೇಳ ಏಳ್ಲೆ ತನಕಾ ಬರ್ತದ. ಮುಂದಿಂದು ಇನ್ನಾ ಆಗಿಲ್ಲ." ಬೇಕಂತಲೇ ಹದಿನೇಳ ಎಂಟ್ಲೆ ಎಷ್ಟು ಅಂತ ಕೇಳಿದೆ. ಹೊರಗೆ ಸೈಕಲ್ ಹಿಡಿದು ನಿಂತಿದ್ದ ಮಗಳು ಅಲ್ಲಿಂದಲೇ ಕೂಗಿದಳು. "ಹೇಳಬ್ಯಾಡ್ರಿ ಅಕ್ಕಾರ, ಅವ್ರೇ ಹೇಳ್ಲಿ."